ಮಲಗಿದರೂ ಬಿಡದ ಬೆನ್ನುನೋವು

ಹಿಂದಿನ ಸಂಚಿಕೆಯಲ್ಲಿ ಬೆನ್ನುಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್ ಜಾರುವುದರ ಬಗ್ಗೆ ಬರೆಯುತ್ತಾ, ಬೆನ್ನುನೋವುಗಳಲ್ಲಿ ಬಹುಪಾಲು ತಾವಾಗಿಯೇ ಇಳಿಯುತ್ತವೆ, ಬೆನ್ನುಮೂಳೆಯಲ್ಲಿ ಸೋಂಕು ಕೂತಿದ್ದರೆ ಮಾತ್ರ ಮಾತು ಬೇರೆ ಎಂದು ಒಂದು ಸಾಲು ಸೇರಿಸಿದ್ದೆ. ಡಿಸ್ಕಿನ ಬಗ್ಗೆ ಬಂದ ಪತ್ರಗಳು ಮೂರು. ಆ ಒಂದು ಸಾಲಿನ ಬಗ್ಗೆ ಬಂದದ್ದು ಒಂದು ದಪ್ಪ ಕಟ್ಟು. ಅದರಲ್ಲಿ ಆರು ಪತ್ರಗಳನ್ನು ಎತ್ತಿಕೊಂಡಿದ್ದೇನೆ. ಬರೆದವರ ಹೆಸರು, ಊರು ಬಿಟ್ಟಿದ್ದೇನೆ. ಕೆಲವು ಪತ್ರಗಳನ್ನು ಮೊಟಕುಗೊಳಿಸಿದ್ದೇನೆ.

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನಮ್ಮ ತಂದೆಗೆ 66 ವರ್ಷ. ಸಕ್ಕರೆ ಕಾಯಿಲೆ 14 ವರ್ಷಗಳಿಂದ ಇದೆ. ಪ್ರಾಸ್ಟೇಟ್ ತೊಂದರೆಗೆ ಮೂತ್ರನಳಿಕೆ ಹಾಕಿದ್ದಾಗ ಸೋಂಕಾಗಿ, ಔಷಧಿಯಿಂದ ವಾಸಿಯಾಯಿತು. ಅದಾಗಿ ಮೂರು ವಾರಕ್ಕೆ ಸೊಂಟನೋವು ಶುರುವಾಯಿತು. ಎಕ್ಸ್‌ರೇ ನೋಡಿ ‘ವಯಸ್ಸಿನ ಸವೆತ’ ಎಂದರು. ಏಳು ವಾರ ನೋವಿನ ಮಾತ್ರೆ ನುಂಗಿದರು. ಜ್ವರ ಒಮ್ಮೆಯೂ ಬರಲಿಲ್ಲ. ಈಗ ಎಂಆರ್‌ಐ ಮಾಡಿ, ಸೊಂಟದ ಮೂರನೆಯ ಮತ್ತು ನಾಲ್ಕನೆಯ ಮೂಳೆಗಳ ನಡುವೆ ಸೋಂಕು ಇದೆ ಎಂದಿದ್ದಾರೆ. ಆಸ್ಪತ್ರೆಗೆ ಸೇರಿಸಿ ಮೂರು ದಿನವಾಯಿತು. ದಿನವೂ ರಕ್ತ ತೆಗೆಯುತ್ತಾರೆ, ಸೂಜಿ ಹಾಕಿ ಮೂಳೆಯ ಚೂರು ತೆಗೆಯಬೇಕು ಎನ್ನುತ್ತಾರೆ. ಆಂಟಿಬಯಾಟಿಕ್ ಮಾತ್ರ ಶುರು ಮಾಡಿಲ್ಲ. ಸೋಂಕು ಎಂದು ಗೊತ್ತಾದ ಮೇಲೂ ಕಾಯಿಸುವುದು ಸರಿಯೇ? ಬೇರೆ ಕಡೆಗೆ ಕರೆದೊಯ್ಯಲೇ?

ಉತ್ತರ: ಕರೆದೊಯ್ಯಬೇಡಿ. ನಿಮ್ಮ ತಂದೆಯನ್ನು ನೋಡುತ್ತಿರುವವರು ಕೆಲಸ ಬಲ್ಲವರು. ಮನೆಯವರ ಸಿಡುಕನ್ನು ಸಹಿಸಿಕೊಂಡು ಔಷಧಿಯನ್ನು ತಡೆಹಿಡಿಯುವುದಕ್ಕೆ, ಕೇಳಿದ ತಕ್ಷಣ ಬಾಟಲಿ ನೇತುಹಾಕುವುದಕ್ಕಿಂತ ಹೆಚ್ಚು ಗಟ್ಟಿತನ ಬೇಕು.

ಕಾರಣ ಇಷ್ಟೇ. ಎಂಆರ್‌ಐ ‘ಇಲ್ಲಿ ಸೋಂಕಿದೆ’ ಎಂದು ಹೇಳುತ್ತದೆ, ಯಾರಿಂದ ಎಂದು ಹೇಳುವುದಿಲ್ಲ. ಮೂತ್ರದಿಂದ ಬಂದದ್ದಾದರೆ ಕರುಳಿನಲ್ಲಿ ವಾಸಿಸುವ ಇ. ಕೊಲೈ ಎಂಬ ಬ್ಯಾಕ್ಟೀರಿಯಾ ಇರಬಹುದು. ಚರ್ಮದಿಂದಲೋ ಡ್ರಿಪ್ ಸೂಜಿಯ ಜಾಗದಿಂದಲೋ ನುಸುಳಿದ್ದಾದರೆ ಸ್ಟ್ಯಾಫಿಲೊಕಾಕಸ್ ಆರಿಯಸ್ ಇರಬಹುದು. ಬೆನ್ನುಮೂಳೆಯಲ್ಲಿ ಕೀವು ಮಾಡುವ ಬ್ಯಾಕ್ಟೀರಿಯಾಗಳಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಸಿಕ್ಕಿಬೀಳುವುದು ಇದೇ. ಒಂದಕ್ಕೆ ಹಿಡಿಯುವ ಔಷಧಿ ಇನ್ನೊಂದಕ್ಕೆ ಹಿಡಿಯುವುದಿಲ್ಲ, ಮತ್ತು ಈ ಚಿಕಿತ್ಸೆ ಐದು ದಿನದ್ದಲ್ಲ, ವಾರಗಟ್ಟಲೆಯದು. ಹೆಸರು ಗೊತ್ತಿಲ್ಲದವನ ಮೇಲೆ ಆರು ವಾರ ಬಾಣ ಬಿಡುತ್ತಾ ಕೂರಲಾಗದು. ಮೊದಲೇ ಆಂಟಿಬಯಾಟಿಕ್ ಕೊಟ್ಟುಬಿಟ್ಟರೆ ಕ್ರಿಮಿ ಸಾಯದೆ ಮಂಕಾಗಿ ಕೂರುತ್ತದೆ. ಆಮೇಲೆ ಪ್ರಯೋಗಾಲಯದಲ್ಲಿ ಕ್ರಿಮಿ ಬೆಳೆಸಿ ಗುರುತಿಸುವ ಕಲ್ಚರ್ ತಟ್ಟೆಯಲ್ಲಿ ಬೆಳೆಯುವುದಿಲ್ಲ, ಮೂಳೆಯಲ್ಲಿ ಮಾತ್ರ ಬೆಳೆಯುತ್ತದೆ.

ರಕ್ತದ ಕಲ್ಚರ್‌ನಲ್ಲಿ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಹೆಸರು ಸಿಗುತ್ತದೆ. ಸಿಕ್ಕರೆ ಸೂಜಿಯ ಕೆಲಸವೇ ಬೇಡವಾಗಬಹುದು. ಸಿಗದಿದ್ದರೆ ಸಿಟಿ ಸ್ಕ್ಯಾನ್ ನೋಡಿಕೊಂಡು ಸೂಜಿಯಿಂದ ಡಿಸ್ಕ್ ಮತ್ತು ಮೂಳೆಯ ಚೂರು ತೆಗೆಯುತ್ತಾರೆ. ಅದರಲ್ಲೂ ಏನೂ ಬೆಳೆಯಲಿಲ್ಲ ಎಂದರೆ ಎರಡನೆಯ ಬಾರಿ ತೆಗೆಯುವುದುಂಟು. ಆಗ ‘ಮತ್ತೆ ಯಾಕೆ ಚುಚ್ಚುತ್ತೀರಿ’ ಎಂದು ಜಗಳಕ್ಕೆ ಹೋಗಬೇಡಿ.

ಕಾಯಬಾರದ ಸಂದರ್ಭ ಎರಡು. ಕಾಲಿನ ಶಕ್ತಿ ಕುಂದಿದರೆ, ಇಲ್ಲವೇ ಸೋಂಕು ರಕ್ತಕ್ಕೆಲ್ಲ ಹಬ್ಬಿ ರಕ್ತದೊತ್ತಡ ಬಿದ್ದು, ಮಾತು ತಡವರಿಸತೊಡಗಿದರೆ. ಆಗ ಕಲ್ಚರ್‌ಗೆ ರಕ್ತ ಎಳೆದ ಕೈಯಲ್ಲೇ ಔಷಧಿ ಹಾಕಬೇಕು. ನಿಮ್ಮ ಪತ್ರದ ಪ್ರಕಾರ ತಂದೆಯವರು ನಡೆಯುತ್ತಿದ್ದಾರೆ, ಪೇಪರ್ ಓದುತ್ತಿದ್ದಾರೆ, ನರ್ಸ್‌ಗಳ ಮೇಲೆ ರೇಗುತ್ತಿದ್ದಾರೆ. ಒಳ್ಳೆಯ ಲಕ್ಷಣ.

ಇನ್ನು ಆ ಏಳು ವಾರದ ಬಗ್ಗೆ. ಮೊದಲು ನೋಡಿದವರನ್ನು ನೀವು ಪತ್ರದಲ್ಲಿ ಚೆನ್ನಾಗಿಯೇ ಬೈದಿದ್ದೀರಿ. ಆ ಸಾಲುಗಳನ್ನು ಅಚ್ಚಿಗೆ ಕೊಟ್ಟಿಲ್ಲ, ಏಕೆಂದರೆ ಆ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ನಾಲ್ಕನೆಯ ವರ್ಷ. 58 ವರ್ಷದ ದರ್ಜಿಯೊಬ್ಬರು ಬೆನ್ನುನೋವೆಂದು ಬಂದರು. ಇಡೀ ದಿನ ಬಗ್ಗಿ ಹೊಲಿಯುವವರಿಗೆ ಬೆನ್ನು ನೋಯದೆ ಇನ್ನೇನು ಎಂದುಕೊಂಡು ಮಾತ್ರೆ ಬರೆದೆ. ಎರಡು ವಾರದ ನಂತರ ಮತ್ತೆ ಬಂದರು, ಮಾತ್ರೆ ಬದಲಿಸಿದೆ. ಮೂರನೆಯ ಸಲ ಬಂದಾಗ ಅವರ ಹೆಂಡತಿ ಬಾಗಿಲಲ್ಲೇ ನಿಂತು, ‘ಇವರು ರಾತ್ರಿಯೆಲ್ಲ ಗೋಡೆ ಹಿಡಿದು ನಿಂತಿರುತ್ತಾರೆ, ಮಲಗಿದರೆ ಇನ್ನೂ ಹೆಚ್ಚಂತೆ’ ಎಂದರು. ನಾನು ಕೇಳಬೇಕಾಗಿದ್ದ ಪ್ರಶ್ನೆಗೆ ಆಕೆ ಕೇಳದೆಯೇ ಉತ್ತರ ಕೊಟ್ಟಿದ್ದರು. ದುಡಿದು ಬಂದ ಬೆನ್ನುನೋವು ಮಲಗಿದರೆ ತಗ್ಗುತ್ತದೆ. ಸೋಂಕಿನ ನೋವು ಹಾಸಿಗೆಗೆ ಮಣಿಯುವುದಿಲ್ಲ, ರಾತ್ರಿಯಲ್ಲಿ ಇನ್ನಷ್ಟು ಹಟ ಮಾಡುತ್ತದೆ. ಆ ಒಂದು ಜಾಗದ ಮೂಳೆಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದರೂ ರೋಗಿ ಬೆಚ್ಚುತ್ತಾರೆ. ಅಂದು ತಟ್ಟಿದೆ, ಬೆಚ್ಚಿದರು. ಅಂದಿನಿಂದ ನನ್ನ ಕೋಣೆಗೆ ಬಂದ ಯಾವ ಬೆನ್ನುನೋವಿನವರನ್ನೂ ‘ಮಲಗಿದಾಗ ಹೇಗಿರುತ್ತದೆ’ ಎಂದು ಕೇಳದೆ ಕಳಿಸಿಲ್ಲ.

ಮೋಸ ಹೋಗುವುದು ಸುಲಭ ಎಂಬುದಕ್ಕೆ ಕಾರಣಗಳಿವೆ. ಸುಮಾರು ಅರ್ಧದಷ್ಟು ಜನರಿಗೆ ಜ್ವರವೇ ಇರುವುದಿಲ್ಲ, ಇದ್ದ ಅಲ್ಪಸ್ವಲ್ಪ ಜ್ವರವನ್ನು ನೋವಿನ ಮಾತ್ರೆಯೇ ಇಳಿಸಿಬಿಡುತ್ತದೆ. ಬಿಳಿ ರಕ್ತಕಣಗಳ ಎಣಿಕೆ ಸರಿಯಾಗಿಯೇ ಇರಬಹುದು. ಮೂಳೆಯ ಸುಣ್ಣದಲ್ಲಿ ಗಣನೀಯ ಪಾಲು ಕರಗುವ ತನಕ ಎಕ್ಸ್‌ರೇ ಏನನ್ನೂ ತೋರಿಸುವುದಿಲ್ಲ, ಮೊದಲ ಎರಡು ಮೂರು ವಾರಗಳಂತೂ ಅದನ್ನು ನಂಬಲೇ ಕೂಡದು. ಐವತ್ತು ದಾಟಿದವರ ಬೆನ್ನಿನ ಎಕ್ಸ್‌ರೇ ತೆಗೆದರೆ ಸವೆತ ಯಾರಲ್ಲಿ ತಾನೇ ಕಾಣುವುದಿಲ್ಲ? ಈ ನೋವಿನ ಜೊತೆ ಸಕ್ಕರೆ ಕಾಯಿಲೆ, ಡಯಾಲಿಸಿಸ್, ದೀರ್ಘಕಾಲದ ಸ್ಟೀರಾಯ್ಡ್, ಇತ್ತೀಚಿನ ಯಾವುದೋ ಸೋಂಕು ಅಥವಾ ಬೆನ್ನಿನ ಶಸ್ತ್ರಚಿಕಿತ್ಸೆ ಸೇರಿದ್ದರೆ ದೇಹದೊಳಗಿನ ಉರಿಯೂತವನ್ನು ಅಳೆಯುವ ಇಎಸ್‌ಆರ್ ಮತ್ತು ಸಿಆರ್‌ಪಿ ಎಂಬ ಎರಡು ಸಾದಾ ರಕ್ತಪರೀಕ್ಷೆ ಮಾಡಿಸಬೇಕು. ಏರಿದ್ದರೆ ಮುಂದಿನ ಹೆಜ್ಜೆ ಎಂಆರ್‌ಐ.

ದರ್ಜಿಯವರು ಗುಣವಾದರು. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪ್ರಶ್ನೆ: ನಾನು ಜೀವಶಾಸ್ತ್ರದ ನಿವೃತ್ತ ಶಿಕ್ಷಕ. ದೊಡ್ಡವರ ಡಿಸ್ಕಿಗೆ ರಕ್ತನಾಳವೇ ಇಲ್ಲ ಎಂದು ಮಕ್ಕಳಿಗೆ ಪಾಠ ಮಾಡಿದವನು. ರಕ್ತವೇ ಹೋಗದ ಜಾಗಕ್ಕೆ ರಕ್ತದ ಮೂಲಕ ಬ್ಯಾಕ್ಟೀರಿಯಾ ಹೋಗುವುದು ಹೇಗೆ?

ಉತ್ತರ: ಮೇಷ್ಟ್ರೇ, ನಿಮ್ಮ ಪಾಠ ಸರಿಯಾಗಿಯೇ ಇದೆ. ಮಕ್ಕಳ ಡಿಸ್ಕಿಗೆ ಸಣ್ಣ ರಕ್ತನಾಳಗಳು ತಲುಪುತ್ತವೆ, ಬೆಳೆಯುತ್ತಾ ಅವು ಮುಚ್ಚಿಹೋಗುತ್ತವೆ. ಆದ್ದರಿಂದ ದೊಡ್ಡವರಲ್ಲಿ ಸೋಂಕು ಮೊದಲು ಇಳಿಯುವುದು ಡಿಸ್ಕಿನಲ್ಲಲ್ಲ, ಅದಕ್ಕೆ ಅಂಟಿಕೊಂಡಿರುವ ಮೂಳೆಯ ಅಂಚಿನಲ್ಲಿ. ಅಲ್ಲಿಯ ಕೊನೆಯ ಕಿರುನಾಳಗಳಲ್ಲಿ ರಕ್ತದ ಹರಿವು ನಿಧಾನ, ಹೊಳೆಯ ತಿರುವಿನಲ್ಲಿ ಕಸ ನಿಲ್ಲುವ ಹಾಗೆ ಬ್ಯಾಕ್ಟೀರಿಯಾ ನಿಲ್ಲುತ್ತದೆ. ಅಲ್ಲಿಂದ ಪಕ್ಕದ ಡಿಸ್ಕಿಗೆ ದಾಟುತ್ತದೆ. ರಕ್ತ ಬಾರದ ಜಾಗವಾದ್ದರಿಂದ ಅಲ್ಲಿಗೆ ಬಿಳಿ ರಕ್ತಕಣಗಳೂ ಸರಿಯಾಗಿ ಬರುವುದಿಲ್ಲ, ಔಷಧಿಯೂ ಬೇಗ ಬರುವುದಿಲ್ಲ. ಚಿಕಿತ್ಸೆ ಇಷ್ಟು ಉದ್ದವಾಗುವುದಕ್ಕೆ ಇದೂ ಒಂದು ಕಾರಣ.

ಯಾವ ದಾರಿಯಿಂದ ಬರುತ್ತದೆ ಎಂಬುದರ ಮೇಲೆ ಒಂದು ಹಳೆಯ ವಾದವಿದೆ. ಕಿಬ್ಬೊಟ್ಟೆಯ ಮತ್ತು ಬೆನ್ನುಮೂಳೆಯ ಸಿರೆಗಳು ಕವಾಟವಿಲ್ಲದ ಬಲೆಯಾಗಿ ಕೂಡಿಕೊಂಡಿವೆ, ಕೆಮ್ಮಿದಾಗ, ತಿಣುಕಿದಾಗ ಅಲ್ಲಿ ರಕ್ತ ಹಿಂದುಮುಂದಾಗಿಯೂ ಹರಿಯಬಲ್ಲದು ಎಂದು 1940ರಲ್ಲಿ ಅಂಗರಚನಾ ತಜ್ಞ ಆಸ್ಕರ್ ಬ್ಯಾಟ್ಸನ್ ತೋರಿಸಿದರು. ಮೂತ್ರಕೋಶದ ಸೋಂಕು ಸೊಂಟಕ್ಕೆ ಏರುವುದು ಹೀಗೆಯೇ ಎಂದು ಬಹಳ ಕಾಲ ನಂಬಿದ್ದರು. 1959ರಲ್ಲಿ ಮೂಳೆವೈದ್ಯರಾದ ವೈಲಿ ಮತ್ತು ಟ್ರುಯೆಟಾ, ಅಪಧಮನಿಯೇ ಹೆದ್ದಾರಿ ಎಂದು ವಾದಿಸಿದರು. ಈಗ ಅವರ ಕಡೆಗೇ ತಕ್ಕಡಿ ವಾಲಿದೆ. ಒಂದೇ ಅಪಧಮನಿ ಕವಲೊಡೆದು ಮೇಲಿನ ಮೂಳೆಯ ಕೆಳ ಅಂಚಿಗೂ ಕೆಳಗಿನ ಮೂಳೆಯ ಮೇಲಂಚಿಗೂ ರಕ್ತ ಕೊಡುತ್ತದೆ. ಅಕ್ಕಪಕ್ಕದ ಎರಡು ಮೂಳೆ, ನಡುವಿನ ಡಿಸ್ಕ್ ಒಟ್ಟಿಗೆ ಕೆಡುವುದು ಅದರಿಂದಲೇ. ಕ್ಯಾನ್ಸರ್ ಸಾಮಾನ್ಯವಾಗಿ ಡಿಸ್ಕನ್ನು ಮುಟ್ಟುವುದಿಲ್ಲ. ‘ಡಿಸ್ಕ್ ತಿಂದಿದ್ದರೆ ಸೋಂಕು, ಡಿಸ್ಕ್ ಉಳಿಸಿದ್ದರೆ ಗಂತಿ’ ಎಂದು ನನ್ನ ಗುರುಗಳು ಹೇಳುತ್ತಿದ್ದರು. ನೂರಕ್ಕೆ ನೂರು ನಿಜವಲ್ಲ, ಕ್ಷಯವೂ ಡಿಸ್ಕನ್ನು ಬಹುಕಾಲ ಬಿಟ್ಟಿರುತ್ತದೆ. ಆದರೂ ಎಕ್ಸ್‌ರೇ ಎತ್ತಿ ಹಿಡಿದಾಗ ಇಂದಿಗೂ ನನ್ನ ಕಣ್ಣು ಮೊದಲು ಹುಡುಕುವುದು ಡಿಸ್ಕನ್ನೇ.

ರಕ್ತದಲ್ಲಿ ಸ್ಟ್ಯಾಫಿಲೊಕಾಕಸ್ ಸಿಕ್ಕರೆ ಹೃದಯದ ಎಕೋ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಬೆನ್ನಿಗೂ ಹೃದಯಕ್ಕೂ ಏನು ಸಂಬಂಧ ಎನ್ನಬೇಡಿ. ಹೃದಯದ ಕವಾಟದಲ್ಲಿ ಕೂತು ಅಲ್ಲಿಂದ ಬೆನ್ನಿಗೆ ಬೀಜ ಎರಚುವುದುಂಟು.

ಪ್ರಶ್ನೆ: ಮೇಡಂ, ಹತ್ತು ದಿನದಿಂದ ಬೆನ್ನಿನ ಮಧ್ಯಭಾಗದಲ್ಲಿ ನೋವು, ಜೊತೆಗೆ ಜ್ವರ. ನಿನ್ನೆಯಿಂದ ಎರಡೂ ಕಾಲು ಭಾರ. ಮೂತ್ರ ಬಂದಂತೆ ಅನಿಸುತ್ತದೆ, ಹೋದರೆ ಹೊರಡುವುದಿಲ್ಲ. ಯಾವ ಮಾತ್ರೆ ತೆಗೆದುಕೊಳ್ಳಬಹುದು?

ಉತ್ತರ: ಈ ಪತ್ರ ನನ್ನ ಮೇಜಿಗೆ ಬಂದಾಗ ಬರೆದು ಒಂಬತ್ತು ದಿನವಾಗಿತ್ತು. ಕೆಳಗೆ ಫೋನ್ ನಂಬರ್ ಇತ್ತು. ಮಗ ಎತ್ತಿಕೊಂಡರು. ಪತ್ರವನ್ನು ಅಂಚೆಗೆ ಹಾಕಿದ ರಾತ್ರಿಯೇ ಕಾಲು ಎತ್ತಲಾಗದೆ ಆಸ್ಪತ್ರೆಗೆ ಒಯ್ದರಂತೆ, ಬೆಳಗಿನ ಜಾವವೇ ಶಸ್ತ್ರಚಿಕಿತ್ಸೆ ಆಯಿತಂತೆ. ಈಗ ವಾಕರ್ ಹಿಡಿದು ನಿಲ್ಲುತ್ತಾರೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಬೆನ್ನುಹುರಿಯ ಹೊದಿಕೆಯ ಹೊರಗೆ, ಮೂಳೆಯ ಕೊಳವೆಯೊಳಗೆ ಕೀವು ಕಟ್ಟಿಕೊಂಡಿತ್ತು. ಅದು ನಾಲ್ಕು ಮೆಟ್ಟಿಲಲ್ಲಿ ಇಳಿಯುತ್ತದೆ. ಮೊದಲು ಬೆನ್ನುನೋವು. ಆಮೇಲೆ ನರದ ಹಾದಿಯಲ್ಲಿ ಎದೆಯ ಸುತ್ತಲೋ ಕಾಲಿಗೋ ಚಳುಕು. ಆಮೇಲೆ ಬಲ ಕುಂದುವುದು, ಮಲಮೂತ್ರದ ಹಿಡಿತ ತಪ್ಪುವುದು. ಕೊನೆಗೆ ಪಾರ್ಶ್ವವಾಯುವಿನಂತೆ ಕಾಲು ಬಿದ್ದುಹೋಗುವುದು. ಮೊದಲ ಮೆಟ್ಟಿಲಲ್ಲಿ ದಿನಗಟ್ಟಲೆ ನಿಂತವರು ಉಳಿದ ಮೆಟ್ಟಿಲುಗಳನ್ನು ಗಂಟೆಗಳಲ್ಲಿ ಇಳಿದುಬಿಡಬಹುದು. ಜ್ವರ, ಬೆನ್ನುನೋವು, ಕಾಲಿನ ದೌರ್ಬಲ್ಯ ಮೂರೂ ಸೇರಿದರೆ ಮಾತ್ರ ಈ ರೋಗ ಎಂದು ಪುಸ್ತಕಗಳಲ್ಲಿ ಓದಿ ಕೂತರೆ ಕೆಟ್ಟೆವು, ಮೂರೂ ಒಟ್ಟಿಗಿರುವವರು ಕಡಿಮೆ. ಪೂರ್ತಿ ಬಿದ್ದ ಕಾಲು ಒಂದೆರಡು ದಿನ ಹಾಗೆಯೇ ಕಳೆದರೆ ಮರಳುವ ಆಸೆ ತೀರಾ ಕಡಿಮೆ.

ಆದ್ದರಿಂದ ಓದುಗರೇ, ಬೆನ್ನುನೋವಿನ ಜೊತೆ ಕಾಲು ಭಾರವಾದರೆ, ಮೂತ್ರ ಕಟ್ಟಿದರೆ, ಕೂತರೆ ನೆಲಕ್ಕೆ ತಾಗುವ ಜಾಗ ಮರಗಟ್ಟಿದರೆ ನನಗೆ ಪತ್ರ ಬರೆಯಬೇಡಿ. ಪೆನ್ನು ಕೆಳಗಿಟ್ಟು ಎಂಆರ್‌ಐ ಮತ್ತು ಶಸ್ತ್ರಚಿಕಿತ್ಸೆ ಎರಡೂ ಇರುವ ಆಸ್ಪತ್ರೆಗೆ ಆ ಕ್ಷಣವೇ ಹೊರಡಿ. ಸಂಪಾದಕರಿಗೂ ಹೇಳಿದ್ದೇನೆ: ವಾರಕ್ಕೊಮ್ಮೆ ಕಟ್ಟು ಕಳಿಸುವ ಪದ್ಧತಿ ಸಾಕು, ಬಂದ ದಿನವೇ ಲಕೋಟೆ ಒಡೆಯಿರಿ.

ಪ್ರಶ್ನೆ: ನನಗೆ 49 ವರ್ಷ. ಸ್ಟ್ಯಾಫ್ (ಸ್ಟ್ಯಾಫಿಲೊಕಾಕಸ್) ಸೋಂಕಿಗೆ ಆರು ವಾರದ ಆಂಟಿಬಯಾಟಿಕ್ ಮುಗಿಯಿತು. ನೋವು ಮುಕ್ಕಾಲು ಪಾಲು ಇಳಿದಿದೆ. ಸಿಆರ್‌ಪಿ 118 ಇದ್ದದ್ದು 4ಕ್ಕೆ ಬಂದಿದೆ. ವೈದ್ಯರು ಬೇಡವೆಂದರೂ ಸಮಾಧಾನಕ್ಕೆಂದು ನಾನೇ ಎಂಆರ್‌ಐ ಮಾಡಿಸಿಕೊಂಡೆ. ಮೂಳೆಯ ಸವೆತ ಮೊದಲಿಗಿಂತ ಹೆಚ್ಚಾಗಿದೆ ಎಂದು ಬರೆದಿದ್ದಾರೆ. ಅಂದಿನಿಂದ ನಿದ್ದೆ ಇಲ್ಲ. ಇನ್ನೂ ಆರು ವಾರ ಔಷಧಿ ಬೇಕೇ?

ಉತ್ತರ: ಸಮಾಧಾನವನ್ನು ದುಡ್ಡು ಕೊಟ್ಟು ಕಳೆದುಕೊಂಡಿರಿ. ನಿಮ್ಮ ವೈದ್ಯರು ಬೇಡವೆಂದದ್ದು ಇದಕ್ಕೇ.

ಮೂಳೆ ವಾಸಿಯಾಗುವುದು ನಿಧಾನ, ಚಿತ್ರ ವಾಸಿಯಾಗುವುದು ಅದಕ್ಕಿಂತ ನಿಧಾನ. ಬೆಂಕಿ ಆರಿದ ಮರುದಿನ ಮನೆಯ ಫೋಟೊ ತೆಗೆದರೆ ಮೊದಲಿಗಿಂತ ಕೆಟ್ಟದಾಗಿಯೇ ಕಾಣುತ್ತದೆ: ಮಾಡು ಕುಸಿದಿರುತ್ತದೆ, ಗೋಡೆ ಕಪ್ಪಾಗಿರುತ್ತದೆ. ಉರಿ ಇದೆಯೇ ಎಂದು ಆ ಫೋಟೊ ಹೇಳುವುದಿಲ್ಲ. ಉರಿ ಇದೆಯೇ ಎಂದು ಹೇಳುವುದು ನಿಮ್ಮ ನೋವು ಮತ್ತು ಸಿಆರ್‌ಪಿ. ಎರಡೂ ಇಳಿದಿವೆ. ಇಎಸ್‌ಆರ್ ತಡವಾಗಿ ಇಳಿಯುವ ಸೋಮಾರಿ, ಅದು ಇನ್ನೂ ಸ್ವಲ್ಪ ಮೇಲಿದ್ದರೆ ತಲೆಕೆಡಿಸಿಕೊಳ್ಳಬೇಡಿ. ಚೇತರಿಸಿಕೊಳ್ಳುತ್ತಿರುವವರಿಗೆ ಮತ್ತೆ ಎಂಆರ್‌ಐ ಮಾಡಿಸುವ ವಾಡಿಕೆ ಬೇಡ ಎಂದು ಅಮೆರಿಕದ ಸೋಂಕುರೋಗ ತಜ್ಞರ ಸಂಘ 2015ರ ತನ್ನ ಮಾರ್ಗಸೂಚಿಯಲ್ಲಿಯೇ ಹೇಳಿದೆ.

ಆರು ವಾರ ಎಂಬುದೂ ಯಾರೋ ಬಾಯಿಗೆ ಬಂದಂತೆ ಹೇಳಿದ ಲೆಕ್ಕವಲ್ಲ. ನಾನು ಕಲಿಯುವಾಗ ‘ಮೂರು ತಿಂಗಳು ಕೊಡು, ಭಯವಿದ್ದರೆ ಇನ್ನೊಂದು ತಿಂಗಳು ಸೇರಿಸು’ ಎನ್ನುತ್ತಿದ್ದರು. ಫ್ರಾನ್ಸ್‌ನಲ್ಲಿ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ 6 ವಾರ, ಇನ್ನೊಂದಕ್ಕೆ 12 ವಾರ ಔಷಧಿ ಕೊಟ್ಟು ನೋಡಿದರು. 2015ರಲ್ಲಿ ಫಲಿತಾಂಶ ಬಂತು. ಲೆಕ್ಕಕ್ಕೆ ಸಿಕ್ಕ 351 ಜನರಲ್ಲಿ ಎರಡೂ ಗುಂಪಿನಲ್ಲಿ ಗುಣವಾದವರು ಶೇ 90.9. ದಶಮಾಂಶದ ತನಕ ಒಂದೇ! ನನ್ನ ಕೈಯಲ್ಲಿ ಅಷ್ಟು ವರ್ಷ ಅನಗತ್ಯವಾಗಿ ಮಾತ್ರೆ ನುಂಗಿದವರನ್ನು ನೆನೆದು ಅಂದು ನನಗೂ ನಿದ್ದೆ ಬರಲಿಲ್ಲ. ಬ್ರಿಟನ್ನಿನಲ್ಲಿ ಮೂಳೆ ಮತ್ತು ಕೀಲಿನ ಸೋಂಕಿರುವ 1,054 ಜನರ ಮೇಲೆ ನಡೆದ ಇನ್ನೊಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಸರಿಯಾಗಿ ಆಯ್ದ ಮಾತ್ರೆ, ಮೊದಲ ಆರು ವಾರದಲ್ಲಿ ರಕ್ತನಾಳಕ್ಕೆ ಕೊಡುವ ಔಷಧಿಗೆ ಕಡಿಮೆಯಿಲ್ಲ ಎಂದು ಅದು ತೋರಿಸಿತು. ‘ಸೂಜಿ ಇಲ್ಲದ ಔಷಧಿ ಔಷಧಿಯೇ ಅಲ್ಲ’ ಎನ್ನುವ ನಮ್ಮ ಹಿರಿಯರಿಗೆ ಇದನ್ನು ಓದಿ ಹೇಳಿ.

ಹೆಚ್ಚು ದಿನ ಬೇಕಾಗುವವರು ಇದ್ದಾರೆ: ಹೊರತೆಗೆಯಲಾಗದ ಕೀವು ಉಳಿದವರು, ಮಾಮೂಲಿ ಔಷಧಿಗೆ ಬಗ್ಗದ ಸ್ಟ್ಯಾಫ್ ಇರುವವರು, ಡಯಾಲಿಸಿಸ್‌ನಲ್ಲಿರುವವರು, ಬೆನ್ನಿನಲ್ಲಿ ಲೋಹದ ಸ್ಕ್ರೂ ಇರುವವರು. ನಿಮ್ಮ ಪತ್ರದಲ್ಲಿ ಇವು ಯಾವುವೂ ಇಲ್ಲ. ಔಷಧಿ ನಿಲ್ಲಿಸಿದ ಮೇಲೆ ಮುಂದಿನ ಕೆಲವು ತಿಂಗಳು ನೋವು ಮತ್ತೆ ಏರಿದರೆ, ಜ್ವರ ಬಂದರೆ ತಕ್ಷಣ ತೋರಿಸಿ. ಮರುಕಳಿಸುವುದಿದ್ದರೆ ಹೆಚ್ಚಾಗಿ ಮೊದಲ ವರ್ಷದೊಳಗೆ. ಆ ಎಂಆರ್‌ಐ ವರದಿಯನ್ನು ಮಾತ್ರ ಬೀರುವಿನ ತಳದಲ್ಲಿಡಿ.

ಪ್ರಶ್ನೆ: ನಮ್ಮ ಅತ್ತಿಗೆಗೆ ಬೆನ್ನುಮೂಳೆಯಲ್ಲಿ ಸೋಂಕು. ಸೂಜಿ ಪರೀಕ್ಷೆಗೆ ಹೆದರುತ್ತಾರೆ. ಒಬ್ಬ ವೈದ್ಯರು ‘ಕ್ಷಯವೇ ಇರಬೇಕು, ಪರೀಕ್ಷೆ ಬೇಡ, ಮಾತ್ರೆ ಶುರು ಮಾಡೋಣ’ ಎನ್ನುತ್ತಾರೆ. ಅತ್ತಿಗೆಗೆ ಅದೇ ಇಷ್ಟ. ಒಪ್ಪಬಹುದೇ?

ಉತ್ತರ: ನಾನಾದರೆ ಒಪ್ಪುವುದಿಲ್ಲ. ಕ್ಷಯ ಇರಬಹುದು. ಬೆನ್ನುಮೂಳೆಯ ಕ್ಷಯಕ್ಕೆ ಪಾಟ್‌ನ ರೋಗ ಎಂಬ ಹೆಸರಿದೆ. ಬೆನ್ನು ಗೂನಾಗಿ ಕಾಲು ಸೋಲುವುದನ್ನು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1779ರಲ್ಲಿ ವಿವರಿಸಿದ್ದ. ಈಜಿಪ್ಟಿನ ಮಮ್ಮಿಗಳ ಬೆನ್ನಿನಲ್ಲೂ ಇದರ ಗುರುತು ಸಿಕ್ಕಿದೆ. ಕೀವಿನ ಸೋಂಕು ವಾರಗಳಲ್ಲಿ ಮಾಡುವುದನ್ನು ಕ್ಷಯ ತಿಂಗಳುಗಳಲ್ಲಿ ಮಾಡುತ್ತದೆ. ಎದೆಮಟ್ಟದ ಬೆನ್ನನ್ನು ಹೆಚ್ಚು ಹಿಡಿಯುತ್ತದೆ, ಬಿಸಿಯಿಲ್ಲದ ದೊಡ್ಡ ಕೀವುಗಡ್ಡೆ ಮಾಡುತ್ತದೆ. ಇವೆಲ್ಲ ಸುಳಿವು ಮಾತ್ರ, ಸಾಕ್ಷಿಯಲ್ಲ.

ಬ್ರುಸೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಇದೆ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಕಂಡುಹಿಡಿದದ್ದು. ಹಸು, ಆಡು, ಕುರಿಗಳಿಂದ, ಕಾಯಿಸದ ಹಾಲಿನಿಂದ, ದನ ಈಯುವಾಗ ಬರಿಗೈ ಹಾಕುವುದರಿಂದ ಬರುತ್ತದೆ. ಇದೂ ಬೆನ್ನಿನಲ್ಲಿ ಕೂತು ಕ್ಷಯದಂತೆ ನಟಿಸುತ್ತದೆ. ತಮಾಷೆ ಕೇಳಿ: ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಬ್ರುಸೆಲ್ಲಾಕ್ಕೂ ಕೊಡುವ ಔಷಧಿ. ಊಹೆಯ ಮೇಲೆ ಕ್ಷಯದ ಮಾತ್ರೆ ಶುರು ಮಾಡಿದರೆ ಅರೆಬರೆ ಗುಣ ಕಾಣುತ್ತದೆ, ‘ನೋಡಿದಿರಾ, ಕ್ಷಯವೇ ಆಗಿತ್ತು’ ಎಂದು ಎಲ್ಲರೂ ಬೆನ್ನು ತಟ್ಟಿಕೊಳ್ಳುತ್ತಾರೆ, ಒಳಗೆ ಬ್ರುಸೆಲ್ಲಾ ಹಾಯಾಗಿರುತ್ತದೆ. ಸ್ಟ್ಯಾಫ್ ಇದ್ದರಂತೂ ಇನ್ನೂ ಕಷ್ಟ.

ಕ್ಷಯ ಎಂದಾದರೆ ಅತ್ತಿಗೆ 9 ರಿಂದ 12 ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಮಾತ್ರೆ ನುಂಗಬೇಕು. ಅವು ಯಕೃತ್ತಿಗೆ ಸುಲಭದವಲ್ಲ. ಅದು ಔಷಧಿಗೆ ಬಗ್ಗದ ಜಾತಿಯ ಕ್ಷಯವೇ ಎಂದೂ ತಿಳಿಯಬೇಕು. ಸೂಜಿಯಲ್ಲಿ ತೆಗೆದ ಚೂರನ್ನು ಜೀನ್‌ಎಕ್ಸ್‌ಪರ್ಟ್ ಯಂತ್ರಕ್ಕೆ ಹಾಕಿದರೆ ಕ್ಷಯದ ಕ್ರಿಮಿ ಇದೆಯೇ, ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂದು ಎರಡು ಗಂಟೆಯಲ್ಲಿ ಹೇಳುತ್ತದೆ. ಅದರಲ್ಲಿ ಸಿಗಲಿಲ್ಲವೆಂದ ಮಾತ್ರಕ್ಕೆ ಕ್ಷಯ ಇಲ್ಲವೆಂದಲ್ಲ, ಸೂಕ್ಷ್ಮದರ್ಶಕ ಮತ್ತು ಕಲ್ಚರ್ ಕೂಡ ಬೇಕು. ಜಾಗ ಮರಗಟ್ಟಿಸಿ, ಬೋರಲು ಮಲಗಿಸಿ ಸೂಜಿ ಹಾಕುತ್ತಾರೆ. ಒತ್ತಿದಂತೆ ಅನಿಸುತ್ತದೆ, ಸ್ವಲ್ಪ ನೋಯುತ್ತದೆ. ಒಂದು ವರ್ಷದ ಮಾತ್ರೆಯ ಮುಂದೆ ಒಂದು ಸೂಜಿ ಯಾವ ಲೆಕ್ಕ ಎಂದು ಅತ್ತಿಗೆಗೆ ನೀವೇ ಹೇಳಿ, ನಾನು ಹೇಳಿದರೆ ಗದರಿಸಿದಂತಾಗುತ್ತದೆ.

ಪ್ರಶ್ನೆ: ನನ್ನ ಯಜಮಾನರಿಗೆ ಬೆನ್ನುಮೂಳೆಯ ಸೋಂಕು, ಇ. ಕೊಲೈ ಅಂತೆ. ಮನೆಯಲ್ಲಿ ಮೊಮ್ಮಗು ಇದೆ, ಹತ್ತಿರ ಬಿಡಬಹುದೇ? ಅಲುಗಾಡದೆ ಮಲಗಿರಬೇಕೇ? ಬೆಲ್ಟ್ ಎಷ್ಟು ಕಾಲ ಹಾಕಬೇಕು?

ಉತ್ತರ: ಧಾರಾಳವಾಗಿ ಬಿಡಿ. ಮೂಳೆಯೊಳಗಿನ ಸೋಂಕು ಮುಟ್ಟಿದರೆ, ಪಕ್ಕದಲ್ಲಿ ಮಲಗಿದರೆ ಅಂಟುವುದಿಲ್ಲ. (ಬೆನ್ನಿನ ಕ್ಷಯವೂ ಹಾಗೆಯೇ, ಶ್ವಾಸಕೋಶದಲ್ಲೂ ಇದ್ದರೆ ಮಾತ್ರ ಎಚ್ಚರ ಬೇಕು.) ಮೊದಲ ಕೆಲವು ದಿನ ನೋವು ಜಾಸ್ತಿ ಇರುವಾಗ ಹಾಸಿಗೆ ಸಹಜ. ಆಮೇಲೆ ತಿಂಗಳುಗಟ್ಟಲೆ ಮಲಗಿಸುವ ಕಾಲ ಹೋಯಿತು. ಹಾಗೆ ಮಲಗಿದರೆ ಕಾಲಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಬಹುದು, ಬೆನ್ನಿಗೆ ಹುಣ್ಣಾಗಬಹುದು, ಸ್ನಾಯು ಕರಗುತ್ತದೆ. ಮೂಳೆ ಕುಸಿಯುವ ಭಯವಿಲ್ಲ ಎಂದು ವೈದ್ಯರು ಹೇಳಿದ್ದರೆ ನೋವು ತಡೆಯುವಷ್ಟು ಎದ್ದು ಓಡಾಡಲಿ.

ಮಲಗಿದಲ್ಲಿಂದ ಒಂದು ಕಾಲನ್ನು ನೇರ ಮಾಡಲಾಗದೆ ಮಡಿಸಿಯೇ ಇಟ್ಟುಕೊಳ್ಳುತ್ತಿದ್ದರೆ ಮಾತ್ರ ಹೇಳಿ. ಬೆನ್ನಿನ ಪಕ್ಕದ ಸೋಯಾಸ್ ಎಂಬ ಸ್ನಾಯುವಿನಲ್ಲಿ ಕೀವು ಇಳಿದಿರಬಹುದು, ಅದನ್ನು ನಳಿಕೆ ಹಾಕಿ ಬಸಿಯಬೇಕಾಗುತ್ತದೆ.

ಬೆಲ್ಟ್ ಸೋಂಕನ್ನು ವಾಸಿ ಮಾಡುವುದಿಲ್ಲ, ಎದ್ದು ಕೂರುವಾಗ ನೋವು ತಗ್ಗಿಸುತ್ತದೆ ಅಷ್ಟೆ. ನೋವು ಇಳಿದ ಹಾಗೆ ಅದರ ಕೆಲಸವೂ ಮುಗಿಯುತ್ತದೆ. ಎಷ್ಟು ವಾರ ಎಂಬುದನ್ನು ಅವರ ಎಕ್ಸ್‌ರೇ ನೋಡಿದವರು ಹೇಳಲಿ. ಅಲ್ಲಿಯ ತನಕ ಏಳುವಾಗ ಹಾಕಿ, ಮಲಗುವಾಗ ಬಿಚ್ಚಿ ಮೊಳೆಗೆ ನೇತುಹಾಕಿ. ನಿದ್ದೆಯಲ್ಲೂ ಕಟ್ಟಿಕೊಂಡಿರುತ್ತಾರೆ ಎಂದು ಬರೆದಿದ್ದೀರಲ್ಲ, ಅದು ಬೇಡ.